2031ರವರೆಗೆ ಬದಲಾಗದ ಗೋಡೆ: ನಾರ್ತ್ ಕ್ಯಾರೊಲೈನಾದ ಹೊಸ ಮನೆಗಳು ಮತ್ತು ಇಂಧನ ಸಂಹಿತೆ

2023ರ ಆಗಸ್ಟ್ 16ರಂದು ನಾರ್ತ್ ಕ್ಯಾರೊಲೈನಾದ ಶಾಸನಸಭೆಯು ಗವರ್ನರ್ ರಾಯ್ ಕೂಪರ್ ಅವರ ವೀಟೊವನ್ನು ತಳ್ಳಿಹಾಕಿ, ಹೌಸ್ ಬಿಲ್ 488 ಎಂಬ ಮಸೂದೆಯನ್ನು ಕಾನೂನನ್ನಾಗಿ ಮಾಡಿತು. ಈ ರಾಜ್ಯದಲ್ಲಿ ವೀಟೊ ಮೀರಲು ಎರಡೂ ಸದನಗಳಲ್ಲಿ ಹಾಜರಿರುವ ಸದಸ್ಯರ ಐದನೇ ಮೂರರಷ್ಟು ಮತ ಬೇಕು; ಅದು ಸಿಕ್ಕಿತು. ಕಾನೂನಿನಲ್ಲಿ ಬಿಡಿಬಿಡಿ ವಿಷಯಗಳು ಹಲವಿದ್ದರೂ ನನ್ನ ಗಮನ ಹಿಡಿದದ್ದು ಒಂದೇ: ಒಂದು ಅಥವಾ ಎರಡು ಕುಟುಂಬಗಳು ವಾಸಿಸುವ ಮನೆಗಳಿಗೆ ಅನ್ವಯಿಸುವ ಕಟ್ಟಡ ಸಂಹಿತೆಯನ್ನು, ಅದರೊಳಗಿನ ಇಂಧನ ಮಿತವ್ಯಯದ ನಿಯಮಗಳನ್ನೂ ಸೇರಿಸಿ, 2031ರ ಜನವರಿ 1ರವರೆಗೆ ಕೆಲವೇ ವಿನಾಯಿತಿಗಳನ್ನು ಬಿಟ್ಟು ತಿದ್ದುವಂತಿಲ್ಲ ಎಂಬ ನಿರ್ಬಂಧ. ರಾಜ್ಯದ ಕಟ್ಟಡ ಸಂಹಿತಾ ಮಂಡಳಿ ಆ ಹೊತ್ತಿಗೆ ಮನೆಗಳ ಇಂಧನ ನಿಯಮಗಳನ್ನು ಬಿಗಿಗೊಳಿಸುವ ಕರಡನ್ನು ಸಿದ್ಧಪಡಿಸುತ್ತಿತ್ತು. ಆ ಕೆಲಸ ಅಲ್ಲಿಗೇ ನಿಂತಿತು.

ಈಗ ಜಾರಿಯಲ್ಲಿರುವುದು 2018ರ ಆವೃತ್ತಿ. ಅದು 2015ರ ರಾಷ್ಟ್ರೀಯ ಮಾದರಿಯನ್ನು ಈ ರಾಜ್ಯಕ್ಕೆ ಬೇಕಾದಂತೆ ತಿದ್ದಿ, ಕೆಲವು ಕಡೆ ಸಡಿಲಿಸಿ ರೂಪಿಸಿದ್ದು. ಹಾಗಾಗಿ 2030ರ ಡಿಸೆಂಬರಿನಲ್ಲಿ ಪರವಾನಗಿ ಪಡೆಯುವ ಮನೆಯೂ ಹದಿನೈದು ವರ್ಷ ಹಳೆಯ ತಿಳಿವಳಿಕೆಯ ಮೇಲೆ ನಿಲ್ಲುತ್ತದೆ. ನಿಯಮಗಳು ಪದೇಪದೇ ಬದಲಾಗಿ ಬಿಲ್ಡರುಗಳು ಹೈರಾಣಾಗಿದ್ದರು ಎಂಬ ವಾದವನ್ನು ಆಗ ಕೇಳಿದ್ದೆ. ಆದರೆ ಇದೇ ಶಾಸನಸಭೆ 2013ರಲ್ಲಿಯೇ ಮನೆಗಳ ಸಂಹಿತೆಯ ಪರಿಷ್ಕರಣೆಯ ಅವಧಿಯನ್ನು ಮೂರು ವರ್ಷದಿಂದ ಆರು ವರ್ಷಕ್ಕೆ ಏರಿಸಿತ್ತು. ಆ ಬೇಡಿಕೆ ಈಡೇರಿ ಹತ್ತು ವರ್ಷ ಕಳೆದ ಮೇಲೆ ಅದೇ ಕಾರಣ ಹೇಳಿ ಪರಿಷ್ಕರಣೆಯನ್ನೇ ತಡೆಹಿಡಿದದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಈ ನಿಯಮಗಳು ಎಲ್ಲಿಂದ ಬರುತ್ತವೆ ಎಂಬುದು ಮನೆ ಕೊಳ್ಳುವ ಬಹುಪಾಲು ಜನರಿಗೆ ತಿಳಿದಿಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಟ್ಟಡ ಕಾನೂನು ಇಲ್ಲ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಸರ್ಕಾರೇತರ ಸಂಸ್ಥೆ ಮೂರು ವರ್ಷಕ್ಕೊಮ್ಮೆ ಮಾದರಿ ಸಂಹಿತೆಗಳನ್ನು ಪ್ರಕಟಿಸುತ್ತದೆ. ಅವುಗಳಲ್ಲಿ ಇಂಧನಕ್ಕೆ ಸಂಬಂಧಿಸಿದ್ದನ್ನು ಐಇಸಿಸಿ ಎಂದು ಕರೆಯುತ್ತಾರೆ. ರಾಜ್ಯ ಅಥವಾ ನಗರವೊಂದು ಅದನ್ನು ಅಂಗೀಕರಿಸುವವರೆಗೆ ಅದಕ್ಕೆ ಕಾನೂನಿನ ಬಲವಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಇಂಥ ನಿಯಮಗಳ ಅಗತ್ಯ ಎಲ್ಲರಿಗೂ ಕಂಡಿತು. ಕ್ಯಾಲಿಫೋರ್ನಿಯಾ 1974ರಲ್ಲಿ ಕಾನೂನು ಮಾಡಿ ಇಂಧನ ಆಯೋಗವನ್ನು ಸ್ಥಾಪಿಸಿತು, 1978ರಲ್ಲಿ ಮೊದಲ ಕಟ್ಟಡ ಇಂಧನ ಮಾನದಂಡಗಳನ್ನು ಜಾರಿಗೆ ತಂದಿತು. 1992ರ ಕೇಂದ್ರ ಇಂಧನ ನೀತಿ ಕಾಯಿದೆಯ ಪ್ರಕಾರ ಮಾದರಿ ಸಂಹಿತೆಯ ಹೊಸ ಆವೃತ್ತಿಯೊಂದು ನಿಜಕ್ಕೂ ಇಂಧನ ಉಳಿಸುತ್ತದೆಯೇ ಎಂಬುದನ್ನು ಕೇಂದ್ರದ ಇಂಧನ ಇಲಾಖೆ ಪರಿಶೀಲಿಸಿ ಹೇಳಬೇಕು. ಹೌದೆಂದರೆ ಪ್ರತಿ ರಾಜ್ಯವೂ ಎರಡು ವರ್ಷದೊಳಗೆ ತನ್ನ ಮನೆಗಳ ಸಂಹಿತೆಯನ್ನು ಅದರ ಬೆಳಕಿನಲ್ಲಿ ಪರಾಮರ್ಶಿಸಬೇಕು. ಪರಾಮರ್ಶಿಸಿ ಬೇಡವೆಂದರೆ ದಂಡವಿಲ್ಲ. ಇದರಿಂದಾಗಿ ಮಿಸೂರಿಯಂಥ ರಾಜ್ಯದಲ್ಲಿ ರಾಜ್ಯವ್ಯಾಪಿ ಸಂಹಿತೆಯೇ ಇಲ್ಲ. ಕೊಲರಾಡೊದಲ್ಲಿ ಅಧಿಕಾರ ಸ್ಥಳೀಯ ಸಂಸ್ಥೆಗಳದ್ದಾದರೂ, ಅವು ಸಂಹಿತೆಯನ್ನು ಬದಲಿಸುವಾಗ ಕನಿಷ್ಠ 2021ರ ಮಟ್ಟವನ್ನು ಪಾಲಿಸಬೇಕೆಂದು 2022ರಲ್ಲಿ ಕಾನೂನು ಬಂತು. ಮ್ಯಾಸಚೂಸೆಟ್ಸ್‌ನಲ್ಲಿ ಪಟ್ಟಣಗಳು ಬಯಸಿದರೆ ರಾಜ್ಯದ ಮೂಲ ಸಂಹಿತೆಗಿಂತ ಬಿಗಿಯಾದ ಇನ್ನೊಂದನ್ನು ಆಯ್ದುಕೊಳ್ಳಬಹುದು. ನಾರ್ತ್ ಕ್ಯಾರೊಲೈನಾದಲ್ಲಿ ಸಂಹಿತೆ ಇಡೀ ರಾಜ್ಯಕ್ಕೆ ಒಂದೇ. ರಾಲಿಯಾಗಲಿ ಆಶ್‌ವಿಲ್ ಆಗಲಿ ತನ್ನ ಎಲ್ಲೆಯೊಳಗೆ ಹೆಚ್ಚು ಕಠಿಣವಾದ ಇಂಧನ ನಿಯಮವನ್ನು ತಾನಾಗಿಯೇ ತರುವಂತಿಲ್ಲವಾದ್ದರಿಂದ, ರಾಜಧಾನಿಯಲ್ಲಿ ಹಾಕಿದ ಬೀಗಕ್ಕೆ ಬೇರೆಲ್ಲೂ ಕೀಲಿಕೈ ಇಲ್ಲ.

ಕಾನೂನಿನ ಪರವಾಗಿ ಮುಂದಿಟ್ಟ ಮುಖ್ಯ ವಾದ ಮನೆಯ ಬೆಲೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2023ರ ಅಕ್ಟೋಬರಿನಲ್ಲಿ ಮೂವತ್ತು ವರ್ಷದ ಗೃಹಸಾಲದ ಬಡ್ಡಿ ಶೇಕಡ 8ರ ಹತ್ತಿರ ಹೋಗಿತ್ತು. ಹೊಸ ಮನೆಯ ಬೆಲೆ ಒಂದು ಸಾವಿರ ಡಾಲರ್ ಏರಿದರೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಅದನ್ನು ಕೊಳ್ಳುವ ಅರ್ಹತೆ ಕಳೆದುಕೊಳ್ಳುತ್ತವೆ ಎಂದು ರಾಷ್ಟ್ರೀಯ ಗೃಹನಿರ್ಮಾಪಕರ ಸಂಘ ಲೆಕ್ಕ ಹಾಕುತ್ತದೆ. ಲೆಕ್ಕದ ವಿಧಾನದ ಬಗ್ಗೆ ತಕರಾರು ಇರಬಹುದು. ಅದರ ಹಿಂದಿನ ಯಂತ್ರ ಮಾತ್ರ ನಿಜವಾದದ್ದು. ಬ್ಯಾಂಕು ಸಾಲ ಕೊಡುವಾಗ ಅಸಲು, ಬಡ್ಡಿ, ಆಸ್ತಿ ತೆರಿಗೆ, ವಿಮೆ ಇವನ್ನು ಕೂಡಿಸಿ ಆದಾಯದೊಂದಿಗೆ ಹೋಲಿಸುತ್ತದೆ. ವಿದ್ಯುತ್ ಬಿಲ್ಲು ಮತ್ತು ಗ್ಯಾಸ್ ಬಿಲ್ಲುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಶಾಖ ತಡೆಯಲು ಗೋಡೆಯೊಳಗೆ ತುಂಬುವ ಇನ್ಸುಲೇಷನ್‌ಗೆ ಖರ್ಚಾದ ಹಣ ಸಾಲದ ಅರ್ಹತೆಯನ್ನು ಕುಗ್ಗಿಸುತ್ತದೆ, ಅದರಿಂದ ತಿಂಗಳು ತಿಂಗಳು ಉಳಿಯುವ ಹಣ ಅರ್ಹತೆಯನ್ನು ಹಿಗ್ಗಿಸುವುದಿಲ್ಲ. ಅಂಚಿನಲ್ಲಿ ನಿಂತಿರುವ ಕುಟುಂಬದ ಮಟ್ಟಿಗೆ ಬಿಲ್ಡರ್ ಹೇಳುವುದರಲ್ಲಿ ಹುರುಳಿದೆ ಎಂದು ನಾನು ಒಪ್ಪುವುದು ಈ ಕಾರಣಕ್ಕೆ. ಆದರೆ ಈ ದೋಷ ಸಾಲದ ನಿಯಮದಲ್ಲಿರುವುದು. ಅದಕ್ಕೆ ಗೋಡೆಯನ್ನು ತೆಳ್ಳಗಿಡುವುದು ಮದ್ದಾಗಲಾರದು.

ಹಾಗಾದರೆ ಹೆಚ್ಚುವರಿ ಖರ್ಚು ಎಷ್ಟು? ವಾದವಿವಾದವೆಲ್ಲ ಈ ಒಂದು ಸಂಖ್ಯೆಯ ಸುತ್ತಲೇ ನಡೆಯಿತು. ಉದ್ದೇಶಿತ ಬದಲಾವಣೆಯಿಂದ ಮನೆಯೊಂದಕ್ಕೆ 20 ಸಾವಿರ ಡಾಲರಿಗೂ ಮೇಲೆ ಹೊರೆ ಬೀಳುತ್ತದೆಂದು ರಾಜ್ಯದ ಬಿಲ್ಡರುಗಳು ಹೇಳಿದರು; ಇಂಧನ ಇಲಾಖೆಯ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ಅಂದಾಜು ಅದರ ಮೂರನೇ ಒಂದು ಭಾಗದೊಳಗೇ ಇತ್ತು. ಇಂಥದೇ ಜಗಳ 2024ರಲ್ಲಿ ದೇಶದ ಮಟ್ಟದಲ್ಲಿ ಮರುಕಳಿಸಿತು. ಸರ್ಕಾರಿ ವಿಮೆಯ ಸಾಲದಿಂದ ಕೊಳ್ಳುವ ಹೊಸ ಮನೆಗಳು 2021ರ ಐಇಸಿಸಿಯನ್ನು ಪಾಲಿಸಬೇಕೆಂದು ಕೇಂದ್ರದ ವಸತಿ ಇಲಾಖೆ ಆ ವರ್ಷದ ಏಪ್ರಿಲ್‌ನಲ್ಲಿ ನಿರ್ಧರಿಸಿತು. ಅದು ಮುಂದಿಟ್ಟ ಅಂದಾಜಿನಂತೆ ಒಂಟಿ ಕುಟುಂಬದ ಮನೆಗೆ ಹೆಚ್ಚುವರಿ ವೆಚ್ಚ 7,229 ಡಾಲರ್, ವರ್ಷದ ಉಳಿತಾಯ 963 ಡಾಲರ್. ಗೃಹನಿರ್ಮಾಪಕರ ಸಂಘ ಹೇಳಿದ ಗರಿಷ್ಠ ವೆಚ್ಚ 31 ಸಾವಿರ ಡಾಲರ್. ಶೇಕಡ 7ರ ಬಡ್ಡಿಯಲ್ಲಿ ಮೂವತ್ತು ವರ್ಷಕ್ಕೆ ನಾನೇ ಕಂತು ಹಾಕಿ ನೋಡಿದೆ. ಇಲಾಖೆಯ ಸಂಖ್ಯೆ ಸರಿಯಾಗಿದ್ದರೆ ತಿಂಗಳ ಕಂತಿಗೆ ಸುಮಾರು 48 ಡಾಲರ್ ಸೇರುತ್ತದೆ, ಬಿಲ್ಲಿನಲ್ಲಿ 80 ಡಾಲರ್ ಉಳಿಯುತ್ತದೆ. ಮೊದಲ ತಿಂಗಳಿನಿಂದಲೇ ಲಾಭ. ಸಂಘದ ಸಂಖ್ಯೆ ಸರಿಯಾಗಿದ್ದರೆ ಕಂತಿಗೆ ಸೇರುವುದು 206 ಡಾಲರ್. ಮೂವತ್ತು ವರ್ಷವೂ ನಷ್ಟ. ಇಲಾಖೆಯ ಈ ಲೆಕ್ಕ 2009ರ ಮಟ್ಟದ ಮನೆಯಿಂದ 2021ರ ಮಟ್ಟಕ್ಕೆ ಏರುವುದಕ್ಕೆ ಸಂಬಂಧಿಸಿದ್ದು. ನಾರ್ತ್ ಕ್ಯಾರೊಲೈನಾಕ್ಕೆ ಅದನ್ನು ಇದ್ದ ಹಾಗೆ ತಂದು ಹಾಕುವುದು ತಪ್ಪಾಗುತ್ತದೆ. ಆದರೂ ಒಂದೇ ಗೋಡೆಗೆ ಎರಡು ಕಡೆಯವರು ಇಷ್ಟು ದೂರದ ಬೆಲೆ ಕಟ್ಟುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಉಳಿಯುತ್ತದೆ.

ನನಗೆ ಕಂಡಂತೆ ಇದರ ಬಹುಪಾಲು ಉತ್ತರ ಮರದ ಚೌಕಟ್ಟಿನಲ್ಲಿದೆ. ಇಲ್ಲಿನ ಗೋಡೆ ಇಟ್ಟಿಗೆಯದಾಗಿ ಕಂಡರೂ ಹೊರೆ ಹೊರುವುದು ಒಳಗಿನ ಮರದ ಕಂಬಗಳು. ಎರಡು-ನಾಲ್ಕು (ಹೆಸರಿಗೆ ಎರಡಿಂಚು, ನಾಲ್ಕಿಂಚು) ಎಂದು ಕರೆಯುವ ಕಂಬದ ನಿಜವಾದ ಆಳ ಮೂರೂವರೆ ಇಂಚು. ಅದರ ನಡುವಿನ ಜಾಗದಲ್ಲಿ ತುಂಬಬಹುದಾದ ಗಾಜಿನ ನಾರಿನ ಹಾಸು ಆರ್-15ರವರೆಗೆ ಬರುತ್ತದೆ, ರಾಜ್ಯದ ಬಹುಭಾಗದಲ್ಲಿ ಈಗಿನ ನಿಯಮವೂ ಅಷ್ಟನ್ನೇ ಕೇಳುತ್ತದೆ. ಆರ್ ಎಂದರೆ ಶಾಖದ ಹರಿವಿಗೆ ತೋರುವ ಪ್ರತಿರೋಧದ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. 2021ರ ಮಾದರಿಯು ರಾಜ್ಯದ ಬೆಚ್ಚನೆಯ ಭಾಗಗಳಿರುವ ಮೂರನೇ ಹವಾಮಾನ ವಲಯಕ್ಕೆ ಆರ್-20ನ್ನು, ಅಥವಾ ಕಂಬಗಳ ನಡುವೆ ಆರ್-13 ಮತ್ತು ಅವುಗಳ ಹೊರಮೈಗೆ ಆರ್-5ರ ಅಖಂಡ ಪದರವನ್ನು ಕೇಳುತ್ತದೆ. ಆರ್-20 ತುಂಬಬೇಕಾದರೆ ಐದೂವರೆ ಇಂಚಿನ ಕಂಬ ಬೇಕು. ಕಂಬ ಬದಲಾದರೆ ಕಿಟಕಿ ಬಾಗಿಲುಗಳ ಚೌಕಟ್ಟು, ಅಡಿಪಾಯದ ಅಂಚು, ನಕ್ಷೆ, ಮರದ ಆರ್ಡರು ಎಲ್ಲವೂ ಒಂದಿಷ್ಟು ಬದಲಾಗಬೇಕು. ಹೊರಮೈಗೆ ಫೋಮ್ ಹಲಗೆ ಹೊಡೆಯುವ ದಾರಿ ಹಿಡಿದರೆ, ಅದರಲ್ಲಿ ಅನುಭವವಿಲ್ಲದ ಗುತ್ತಿಗೆದಾರ ಮೊದಲ ಮನೆಗೆ ಹೆದರಿಕೊಂಡೇ ದರ ಹೇಳುತ್ತಾನೆ. ಬಿಲ್ಡರುಗಳ ಅಂದಾಜಿನಲ್ಲಿ ಆ ಮೊದಲ ಮನೆಯ ದರವೇ ಎಲ್ಲ ಮನೆಗಳ ದರವಾಗಿ ಕೂರುತ್ತದೆ. ಪ್ರಯೋಗಾಲಯದ ಅಂದಾಜಿನಲ್ಲಿ ಎಲ್ಲರೂ ಕೆಲಸ ಕಲಿತ ಮೇಲಿನ ದರವಿರುತ್ತದೆ. ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಏಳು ವರ್ಷಕ್ಕೂ ಹೆಚ್ಚು ಕಾಲದ ಕಾನೂನು ಮಾಡುವಾಗ ಯಾವುದನ್ನು ಆಧಾರವಾಗಿ ಹಿಡಿಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಂಥ ಆರ್ ಅಂಕಿಗಳ ಪಟ್ಟಿಯಲ್ಲಿರುವುದನ್ನು ಅಕ್ಷರಶಃ ಪಾಲಿಸಲೇಬೇಕೆಂಬ ಕಟ್ಟುಪಾಡೂ ಮಾದರಿ ಸಂಹಿತೆಯಲ್ಲಿಲ್ಲ. ಗೋಡೆಯಲ್ಲಿ ಕಡಿಮೆಯಾದದ್ದನ್ನು ಕಿಟಕಿಯಲ್ಲೋ ಚಾವಣಿಯಲ್ಲೋ ತುಂಬಿಸಿ, ಇಡೀ ಮನೆಯ ಬಳಕೆ ಮಿತಿಯೊಳಗಿದೆ ಎಂದು ಗಣಕದ ಲೆಕ್ಕದಿಂದ ತೋರಿಸುವ ದಾರಿಗಳಿವೆ. ಪಳಗಿದ ಬಿಲ್ಡರ್ ತನಗೆ ಅಗ್ಗವಾದ ದಾರಿಯನ್ನೇ ಹಿಡಿಯುತ್ತಾನೆ. ಅತಿ ದುಬಾರಿ ದಾರಿಯ ಬೆಲೆಯನ್ನೇ ನಿಯಮದ ಬೆಲೆಯೆಂದು ಸದನದಲ್ಲಿ ಓದಿ ಹೇಳಿದರೆ ಲೆಕ್ಕ ಅಲ್ಲಿಯೇ ಓರೆಯಾಗುತ್ತದೆ.

ತಡೆಯಿಂದ ಆಗುವ ನಷ್ಟ ಮನೆಯ ಎಲ್ಲ ಭಾಗಕ್ಕೂ ಒಂದೇ ಸಮನಾಗಿಲ್ಲ. ಅಟ್ಟದಲ್ಲಿ ಇನ್ಸುಲೇಷನ್ ಕಡಿಮೆಯಿದ್ದರೆ ಹತ್ತು ವರ್ಷದ ನಂತರವೂ ಯಂತ್ರ ತರಿಸಿ, ಸಡಿಲವಾದ ನಾರನ್ನು ಊದಿಸಿ ದಪ್ಪ ಮಾಡಿಕೊಳ್ಳಬಹುದು. ಅದು ಒಂದು ದಿನದ ಕೆಲಸ. ಶಾಖ ಪಂಪು, ನೀರು ಕಾಯಿಸುವ ಟ್ಯಾಂಕು ಇವು ಹೇಗೂ ಹದಿನೈದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಗೋಡೆಯ ಕತೆ ಬೇರೆ. ಒಳಗೆ ಡ್ರೈವಾಲ್ ಎಂಬ ಜಿಪ್ಸಂ ಹಲಗೆ, ಹೊರಗೆ ಇಟ್ಟಿಗೆ ಅಥವಾ ಸೈಡಿಂಗ್ ಎಂಬ ಹೊದಿಕೆ ಮುಚ್ಚಿದ ಮೇಲೆ ಮೂರೂವರೆ ಇಂಚಿನ ಗೋಡೆ ಐದೂವರೆ ಇಂಚಿನದಾಗುವುದಿಲ್ಲ. ಗಾಳಿಯ ಸೋರಿಕೆಯೂ ಅಷ್ಟೆ. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯೊಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡಿ, ಗಂಟೆಗೆ ಎಷ್ಟು ಸಲ ಮನೆಯ ಗಾಳಿ ಪೂರ್ತಿ ಬದಲಾಗುತ್ತದೆಂದು ಅಳೆಯುವುದಕ್ಕೆ ಬ್ಲೋವರ್ ಡೋರ್ ಪರೀಕ್ಷೆ ಎನ್ನುತ್ತಾರೆ. ಮಾದರಿ ಸಂಹಿತೆಯು ಈ ರಾಜ್ಯ ಬರುವ ವಲಯಗಳಿಗೆ 2012ರಿಂದಲೂ ಮೂರು ಸಲ ಎಂಬ ಮಿತಿ ಹೇಳುತ್ತಿದೆ; ಇಲ್ಲಿನ ನಿಯಮ ಐದರವರೆಗೆ ಬಿಡುತ್ತದೆ. ಸೋರಿಕೆ ತಡೆಯಬೇಕಾದ ಜಾಗಗಳು ಪ್ಲಂಬಿಂಗ್ ಕೊಳವೆ ಮೇಲೇರುವ ರಂಧ್ರಗಳು, ಗೋಡೆಯ ತಲೆಪಟ್ಟಿಗಳು, ಸ್ನಾನದ ತೊಟ್ಟಿಯ ಹಿಂಭಾಗ. ಇವು ಬರಿಗಣ್ಣಿಗೆ ಕಾಣುವುದು ಚೌಕಟ್ಟು ಎದ್ದು ಡ್ರೈವಾಲ್ ಬರುವ ಮುಂಚಿನ ಕೆಲವೇ ದಿನ. ಆ ದಿನಗಳಲ್ಲಿ ಮನೆ ಕೊಳ್ಳುವವನ ಮಾತು ಅಲ್ಲಿ ನಡೆಯುವುದು ಕಡಿಮೆ. ಆತನ ಪರವಾಗಿ ಅಲ್ಲಿ ಹಾಜರಿರುವುದು ಸಂಹಿತೆ ಮತ್ತು ಅದನ್ನು ಹಿಡಿದು ಬರುವ ಇನ್‌ಸ್ಪೆಕ್ಟರ್.

ಇದನ್ನು ಮಾರುಕಟ್ಟೆಗೇ ಬಿಡಬಹುದಲ್ಲ, ಬೇಕಾದವರು ಹಣ ಕೊಟ್ಟು ಹಾಕಿಸಿಕೊಳ್ಳಲಿ ಎನ್ನುವವರು ಹೊಸ ಬಡಾವಣೆಯ ಡಿಸೈನ್ ಸೆಂಟರಿಗೊಮ್ಮೆ ಹೋಗಿ ಬರಬೇಕು. ಅಡುಗೆಮನೆಯ ಕಲ್ಲಿಗೆ, ನೆಲದ ಹಲಗೆಗೆ, ನಲ್ಲಿಯ ಬಣ್ಣಕ್ಕೆ ಹತ್ತಾರು ಆಯ್ಕೆಗಳಿರುತ್ತವೆ. ಗೋಡೆಯ ದಪ್ಪ ಆ ಪಟ್ಟಿಯಲ್ಲಿರುವುದನ್ನು ನಾನು ಇನ್ನೂ ನೋಡಿಲ್ಲ. ಒಂದೇ ನಕ್ಷೆಯ ನೂರಾರು ಮನೆಗಳನ್ನು ಸಾಲಾಗಿ ಕಟ್ಟುವ ಕಂಪನಿಗೆ ಒಬ್ಬರಿಗಾಗಿ ಕಂಬದ ಅಳತೆ ಬದಲಿಸುವುದು ಲಾಭದ ಮಾತಲ್ಲ. ಮೌಲ್ಯಮಾಪಕನೂ ಕಲ್ಲಿಗೆ ಬೆಲೆ ಕಟ್ಟುವಷ್ಟು ಸುಲಭವಾಗಿ ಇನ್ಸುಲೇಷನ್‌ಗೆ ಕಟ್ಟುವುದಿಲ್ಲ. ಕೊಳ್ಳುವವನಿಗೆ ಕಾಣದ, ಮಾರುವವನಿಗೆ ಬೇಡದ ವಸ್ತುವಿನ ಮಟ್ಟವನ್ನು ಯಾರಾದರೂ ಹೊರಗಿನವರು ಗೊತ್ತುಮಾಡಬೇಕು. ಇಷ್ಟು ವರ್ಷ ಆ ಕೆಲಸವನ್ನು ಸಂಹಿತಾ ಮಂಡಳಿ, ನಿಧಾನವಾಗಿಯಾದರೂ, ಮಾಡಿಕೊಂಡು ಬಂದಿತ್ತು. ಹೊಸ ಕಾನೂನು ಆ ಮಂಡಳಿಯನ್ನೂ ಒಡೆಯಿತು: 2025ರ ಆರಂಭದಿಂದ ಮನೆಗಳಿಗೆ ಪ್ರತ್ಯೇಕ ಸಂಹಿತಾ ಮಂಡಳಿ. ತನ್ನ ಮುಖ್ಯ ಕೆಲಸವನ್ನೇ ಆರು ವರ್ಷ ಮಾಡುವಂತಿಲ್ಲದ ಮಂಡಳಿಯೊಂದು ಹುಟ್ಟಿದ್ದು ವಿಚಿತ್ರವೇ ಸರಿ.

ತಡೆಯ ಇನ್ನೊಂದು ಗುಣವನ್ನು ಅದರ ಬೆಂಬಲಿಗರೂ ಗಮನಿಸಿದಂತಿಲ್ಲ. ಮಾದರಿ ಸಂಹಿತೆ ಯಾವಾಗಲೂ ಬಿಗಿಯಾಗುತ್ತಲೇ ಹೋಗುತ್ತದೆಂದು ಅನೇಕರು ಭಾವಿಸಿದ್ದಾರೆ. 2019ರಲ್ಲಿ, 2021ರ ಆವೃತ್ತಿಯ ಮೇಲೆ ಮತದಾನ ನಡೆದಾಗ ನಗರಗಳ ಪ್ರತಿನಿಧಿಗಳು ಎಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಭಾಗವಹಿಸಿ ಹಲವು ಬಿಗಿ ನಿಯಮಗಳನ್ನು ಗೆಲ್ಲಿಸಿದ್ದರು. ಆ ಆವೃತ್ತಿ ಹಿಂದಿನದಕ್ಕಿಂತ ಸುಮಾರು ಶೇಕಡ 9ರಷ್ಟು ಇಂಧನ ಉಳಿಸುತ್ತದೆಂದು ಇಂಧನ ಇಲಾಖೆ ಹೇಳಿತು. ಬಿಲ್ಡರುಗಳೂ ಅನಿಲ ಕಂಪನಿಗಳೂ ಮೇಲ್ಮನವಿ ಹಾಕಿ ಕೆಲವನ್ನು ತೆಗೆಸಿದರು, 2021ರಲ್ಲಿ ಕೌನ್ಸಿಲ್ ಆ ಮತದಾನದ ಪದ್ಧತಿಯನ್ನೇ ಕೈಬಿಟ್ಟು ಸಮಿತಿಗಳ ಪದ್ಧತಿಗೆ ಹೋಯಿತು. ಹಾಗೆ ಬಂದ 2024ರ ಆವೃತ್ತಿಯಲ್ಲಿ ನಾಲ್ಕನೇ ಹವಾಮಾನ ವಲಯ ಮತ್ತು ಅದಕ್ಕಿಂತ ಚಳಿಯ ವಲಯಗಳಲ್ಲಿ ಚಾವಣಿಗೆ ಕೇಳುತ್ತಿದ್ದ ಆರ್-60ನ್ನು ಆರ್-49ಕ್ಕೆ ಇಳಿಸಿದರು, ಏಕೆಂದರೆ ಆ ಮಟ್ಟದಲ್ಲಿ ಸೇರಿಸುವ ಕೊನೆಯ ಕೆಲವು ಇಂಚುಗಳು ಉಳಿಸುವುದು ತೀರ ಅಲ್ಪ. ಆದರೂ ಒಟ್ಟಾರೆ ಆ ಆವೃತ್ತಿ 2021ರದ್ದಕ್ಕಿಂತ ಹೆಚ್ಚು ಉಳಿಸುತ್ತದೆ. ಸಂಹಿತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬಾಗಿಲು ಮುಚ್ಚಿದ ರಾಜ್ಯಕ್ಕೆ ಇಂಥ ತಿದ್ದುಪಡಿಗಳೂ ಬರುವುದಿಲ್ಲ. ಮೂರು ವರ್ಷದ ಲೆಕ್ಕ ಮುಂದುವರಿದರೆ 2031ರ ಹೊತ್ತಿಗೆ 2018, 2021, 2024, 2027, 2030 ಎಂದು ಐದು ಆವೃತ್ತಿಗಳು ಬಂದಿರುತ್ತವೆ. ಐದು ಮೆಟ್ಟಿಲುಗಳನ್ನು ಒಮ್ಮೆಲೇ ಹತ್ತಬೇಕಾಗಿ ಬಂದಾಗ ಖರ್ಚಿನ ಕೂಗು ಇಂದಿಗಿಂತ ಜೋರಾಗಿರುತ್ತದೆ, ಆಗ ಮತ್ತೊಂದು ತಡೆಯ ಮಸೂದೆ ಬರುವುದಕ್ಕೆ ಅದೇ ನೆಪವಾಗಬಹುದು.

ಇಂಥ ತಡೆ ರಿಪಬ್ಲಿಕನ್ ಪಕ್ಷವೊಂದರ ಗುಣವೆಂದು ನಂಬಿದವರಿಗೆ 2025ರಲ್ಲಿ ಡೆಮಾಕ್ರಟರ ಕ್ಯಾಲಿಫೋರ್ನಿಯಾ ಅಚ್ಚರಿ ಕೊಟ್ಟಿತು. ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಲ ಕಾಳ್ಗಿಚ್ಚು ಸಾವಿರಾರು ಮನೆಗಳನ್ನು ಸುಟ್ಟ ಮೇಲೆ, ಮನೆ ಕಟ್ಟುವುದನ್ನು ಸುಲಭಗೊಳಿಸಬೇಕೆಂಬ ಒತ್ತಡ ಹೆಚ್ಚಿತು. ಜೂನ್ 30ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಅಸೆಂಬ್ಲಿ ಬಿಲ್ 130, 2025ರ ಅಕ್ಟೋಬರ್ 1ರಿಂದ 2031ರ ಜೂನ್ 1ರವರೆಗೆ ವಾಸದ ಕಟ್ಟಡಗಳ ಹೊಸ ಮಾನದಂಡಗಳಿಗೆ ತಡೆ ಹಾಕಿತು. ತುರ್ತು, ಸುರಕ್ಷತೆ, ಕಾಳ್ಗಿಚ್ಚಿನಂಥ ಕಾರಣಗಳಿಗೆ ವಿನಾಯಿತಿ ಇಟ್ಟಿತು. ಎರಡೂ ಕಾನೂನುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದಲೇ ಬಹುತೇಕ ಹೊಸ ಮನೆಗಳ ಮೇಲೆ ಸೌರಫಲಕ ಕಡ್ಡಾಯ. ತಡೆ ಬೀಳುವ ಮೊದಲೇ ಅಂಗೀಕಾರವಾಗಿದ್ದ ಹೊಸ ಇಂಧನ ಸಂಹಿತೆ 2026ರ ಜನವರಿ 1ರಿಂದ ಎಂದಿನಂತೆ ಜಾರಿಗೆ ಬಂತು. ಅವರು ನಿಂತದ್ದು ಎತ್ತರದ ಮೆಟ್ಟಿಲಿನ ಮೇಲೆ. ಹಾಗಿದ್ದೂ ಎರಡು ದೊಡ್ಡ ರಾಜ್ಯಗಳು ಒಂದೇ ವರ್ಷವನ್ನು ಗುರಿಯಿಟ್ಟು ನಿಂತಿರುವುದು, ಮಾದರಿ ಸಂಹಿತೆಗಳನ್ನು ಬರೆಯುವವರು ಯೋಚಿಸಬೇಕಾದ ಸಂಗತಿ.

ಕೇಂದ್ರದ ಕಡೆಯಿಂದ ಆಸರೆ ಕುಗ್ಗುತ್ತಿದೆ. ವಸತಿ ಇಲಾಖೆಯ ನಿರ್ಧಾರದ ಗಡುವುಗಳು 2025ರಲ್ಲಿ ಮುಂದಕ್ಕೆ ಹೋದವು. ಇಂಧನ ಉಳಿಸುವ ಮನೆ ಕಟ್ಟಿದ ಬಿಲ್ಡರಿಗೆ ಮನೆಯೊಂದಕ್ಕೆ 2,500 ಅಥವಾ 5,000 ಡಾಲರ್ ಕೊಡುತ್ತಿದ್ದ 45ಎಲ್ ತೆರಿಗೆ ರಿಯಾಯಿತಿಗೆ, ಆ ವರ್ಷದ ಜುಲೈಯಲ್ಲಿ ಬಂದ ಕಾನೂನು 2026ರ ಜೂನ್ 30 ಕೊನೆಯ ದಿನವೆಂದು ಗೊತ್ತುಮಾಡಿತು.

ನನ್ನ ಬಯಕೆ ದೊಡ್ಡದೇನಲ್ಲ. ಶಾಸನಸಭೆ ಮಂಡಳಿಯ ಕೈ ಕಟ್ಟುವ ಬದಲು, ಹೆಚ್ಚುವರಿ ವೆಚ್ಚ ಇಷ್ಟು ವರ್ಷದೊಳಗೆ ಬಿಲ್ಲಿನ ಉಳಿತಾಯದಲ್ಲಿ ಮರಳಬೇಕು, ಆ ಲೆಕ್ಕವನ್ನು ಮೂರನೆಯವರು ಮಾಡಬೇಕು ಎಂಬ ಷರತ್ತು ಹಾಕಬಹುದಿತ್ತು. ಚಾವಣಿಯಂಥ ಮುಂದೆ ಸರಿಪಡಿಸಬಹುದಾದ ಭಾಗಗಳಿಗೆ ಸಡಿಲಿಕೆ ಕೊಟ್ಟು, ಗೋಡೆ, ಗಾಳಿ ಸೋರಿಕೆ, ಗಾಳಿ ಒಯ್ಯುವ ಡಕ್ಟ್ ಕೊಳವೆ ಸಾಗುವ ಜಾಗ ಇಂಥ ಮುಚ್ಚಿಹೋಗುವ ಭಾಗಗಳ ನಿಯಮವನ್ನಾದರೂ ಮುಂದಕ್ಕೊಯ್ಯಬಹುದಿತ್ತು.

ಅಲ್ಲಿಯವರೆಗೆ ಇಲ್ಲಿ ಹೊಸ ಮನೆ ಕೊಳ್ಳುವವರು ಕೇಳಬಹುದಾದ್ದು ಕೆಲವು ಇವೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಗೋಡೆಯ ಆರ್ ಮೌಲ್ಯವನ್ನೂ ಬ್ಲೋವರ್ ಡೋರ್ ಪರೀಕ್ಷೆಯ ಗುರಿಯನ್ನೂ ಬರಹದಲ್ಲಿ ಕೇಳಿ. ಡ್ರೈವಾಲ್ ಮುಚ್ಚುವ ಮುಂಚೆ ನೋಡಲು ಬಿಡುವಿರೇ ಎಂದು ವಿಚಾರಿಸಿ, ಬಿಟ್ಟರೆ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಸಂಹಿತೆಯ ಕನಿಷ್ಠ ಮಟ್ಟವನ್ನು ದಾಟಿ ಇಂಧನ ಉಳಿತಾಯಕ್ಕೆ ಕೊಡುವ ಎನರ್ಜಿ ಸ್ಟಾರ್ ಪ್ರಮಾಣಪತ್ರ ಪಡೆಯುವ ಬಿಲ್ಡರುಗಳೂ ರಾಜ್ಯದಲ್ಲಿದ್ದಾರೆ. ಅಂಥವರ ಮನೆಗೆ ಸ್ವತಂತ್ರ ಪರೀಕ್ಷಕರು ಹರ್ಸ್ ಅಂಕ ಕೊಡುತ್ತಾರೆ, ಅಂಕ ಕಡಿಮೆಯಿದ್ದಷ್ಟೂ ಮನೆ ಕಡಿಮೆ ಇಂಧನ ಬೇಡುತ್ತದೆ. ಕಟ್ಟಿ ಮುಗಿದ ಮನೆಯಾದರೆ ವಿದ್ಯುತ್ ಪ್ಯಾನೆಲ್ಲಿನ ಬಳಿ ಅಂಟಿಸಿರುವ ಇಂಧನ ಪ್ರಮಾಣಪತ್ರವನ್ನು ಹುಡುಕಿ. ಚಾವಣಿ, ಗೋಡೆ, ನೆಲ, ಕಿಟಕಿಗಳ ಅಂಕಿಗಳು ಅದರಲ್ಲಿರಬೇಕು. ಖಾಲಿಯಿರುವ ಸಾಲುಗಳ ಬಗ್ಗೆ ಬಿಲ್ಡರನ್ನು ಕೇಳಲು ಹಿಂಜರಿಯಬೇಡಿ.